ಬ್ರೌಸರ್ ತೆರೆಯುವ ತನಕ

ಮರಾಠಿ ನಾಡಿನ ನಿಗಡಿಯಲ್ಲಿ ಹೋಟೆಲು ನಡೆಸುವ ಮೋಹನದಾಸರಿಗೆ ತಮ್ಮ ಮನೆಯ ಕಂಪ್ಯೂಟರಿನ ಮೇಲೆ ಬಂದಷ್ಟು ಸಿಟ್ಟು ಯಾವ ಗಿರಾಕಿಯ ಮೇಲೂ ಬಂದದ್ದಿಲ್ಲ. ಬೆಳಗಾದರೆ ಹೆಂಡತಿ ಜ್ಯೋತ್ಸ್ನಾಳನ್ನು ಅದರ ಮುಂದೆ ಕೂರಿಸಿ ಬ್ರೌಸರ್ ಒತ್ತುವರು. ಪರದೆ ಬೆಳ್ಳಗಾಗಿ ಚಕ್ರವೊಂದು ತಿರುಗತೊಡಗುವುದು. ಗಾಣದ ಎತ್ತಾದರೂ ನಡುವೆ ಒಮ್ಮೆ ನಿಲ್ಲುತ್ತದೆ, ಇದು ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಜ್ಯೋತ್ಸ್ನಾ ಎದ್ದು ಹೋಗಿ ಬಾಗಿಲಿನ ಚಿಲಕ ಹಿಡಿದು, "ಹೊತ್ತಾಯ್ತು, ನಾನು ಮನೆಗೆ ಹೋಗ್ತೇನೆ" ಎನ್ನುವಳು. ಅವಳು ನಿಂತದ್ದು ಅವಳದೇ ಮನೆಯಲ್ಲಿ.

ಮರೆವಿನ ಕಾಯಿಲೆ ಅವಳಿಂದ ಮೊದಲು ಒಲೆಯನ್ನು ಕಿತ್ತುಕೊಂಡಿತು, ಆಮೇಲೆ ಮನೆಯ ದಾರಿಯನ್ನು, ಕೊನೆಗೆ ಗಂಡನನ್ನು. ಚೆನ್ನಾಗಿದ್ದ ಕಾಲದಲ್ಲಿ ತೃಪ್ತಿ ಎಂಬ ಮಗಳಿಗೆಂದು ಅವಳು ತನ್ನ ಅಡುಗೆಯ ವಿಡಿಯೋಗಳನ್ನು ತಾನೇ ಮಾಡಿ, ಊರಿಗೆಲ್ಲ ಯಾಕೆ ತೋರಿಸುವುದೆಂದು ತನ್ನ ಖಾತೆಯಲ್ಲೇ ಬೀಗ ಹಾಕಿ ಇಟ್ಟಿದ್ದಳು. ಅವುಗಳಲ್ಲಿ ಒಂದು ನೀರುದೋಸೆಯದ್ದು. ಅದರಲ್ಲಿ ಅವಳು ಸಟ್ಟುಗ ಹಿಡಿದುಕೊಂಡೇ ತಿರುಗಿ, "ಇವ್ರೇ, ಸ್ವಲ್ಪ ಉಪ್ಪು ನೋಡಿ" ಎಂದು ಕರೆಯುತ್ತಾಳೆ. ಮೋಹನದಾಸರು ಬಂದು ದೋಸೆಯ ಚೂರು ಬಾಯಿಗಿಟ್ಟು ತಲೆಯಾಡಿಸುತ್ತಾರೆ. ಅಷ್ಟು ನೋಡಿದ್ದೇ ಜ್ಯೋತ್ಸ್ನಾ ಪರದೆಯಿಂದ ಪಕ್ಕಕ್ಕೆ ಕಣ್ಣು ಹೊರಳಿಸಿ, "ಬಂದ್ರಾ?" ಎಂದು ಕೇಳುವಳು. ಆಮೇಲೆ ಅವರ ಕೈಯಿಂದ ನಾಲ್ಕು ತುತ್ತು ತಿನ್ನುವಳು. ಬೇರೆ ಯಾರು ಕೊಟ್ಟರೂ ಬಾಯಿ ತೆರೆಯುವವಳಲ್ಲ. ಆ ಒಂದು "ಬಂದ್ರಾ"ಗಾಗಿ ಮೋಹನದಾಸರು ಇಡೀ ರಾತ್ರಿಯನ್ನು ತಳ್ಳುತ್ತಿದ್ದರು. ಚಕ್ರ ತಿರುಗಿ ಮುಗಿಯದ ದಿನಗಳಲ್ಲಿ ಅದೂ ಇಲ್ಲ, ಅವಳಿಗೆ ಊಟವೂ ಇಲ್ಲ.

ಅದಕ್ಕೇ ಭಾನುವಾರ ಮೇಲಿನ ಮಹಡಿಯ ಅಶ್ವಿನ್‌ನನ್ನು ಕರೆತಂದರು. ಮೈಸೂರಿನ ಹುಡುಗ, ಐಟಿ ಕಂಪನಿಯಲ್ಲಿ ಕೆಲಸ. ರಜೆಯ ನಿದ್ದೆ ಬಿಟ್ಟು ಬಂದು ಕಂಪ್ಯೂಟರಿನ ಮುಂದೆ ಕೂತವನು ಸ್ವಲ್ಪ ಹೊತ್ತಿಗೆ ತಲೆ ಕೆರೆದುಕೊಂಡ.

"ಅಂಕಲ್, ಇಷ್ಟೊಂದು ಎಕ್ಸ್‌ಟೆನ್ಶನ್ ಯಾರು ಹಾಕಿದ್ದು? ಕೂಪನ್, ವೆದರ್, ಜಾತಕ, ಅದ್ಯಾವುದೋ ರಮ್ಮಿ ಬೇರೆ. ಬ್ರೌಸರ್ ಓಪನ್ ಆಗ್ಬೇಕಾದ್ರೆ ಇವೆಲ್ಲ ಒಟ್ಟಿಗೆ ಎದ್ದೇಳುತ್ತೆ, ಅದಕ್ಕೇ ಸ್ಲೋ."

"ನಾನು ಎಂತ ಹಾಕ್ಲಿಲ್ಲ ಮಾರಾಯ. ಅವೇ ಬಂದು ಬರ್ಲಾ ಅಂತ ಕೇಳಿದವು. ನಾನು ಹೂಂ ಅಂದೆ."

ನಗುವವರು ನಗಲಿ, ಇದರಲ್ಲಿ ಮೋಹನದಾಸರ ಕಸುಬಿನ ಪಾಲೇ ದೊಡ್ಡದು. ಹೋಟೆಲಿನ ಗಲ್ಲಾದಲ್ಲಿ ಕೂತವನ ಬಾಯಲ್ಲಿ "ಇಲ್ಲ" ಎಂಬ ಮಾತು ಬರಬಾರದು, ಬಂದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂದು ಅವರ ಮಾವ ಮೊದಲ ದಿನವೇ ಹೇಳಿಕೊಟ್ಟಿದ್ದರು. ವಡೆ ಮುಗಿದಿದ್ದರೂ "ಆಯ್ತು, ಬಿಸಿಬಿಸಿ ಬರ್ತದೆ, ಅಷ್ಟರಲ್ಲಿ ಒಂದು ಇಡ್ಲಿ ತಕ್ಕೊಳ್ಳಿ" ಎನ್ನಬೇಕು. ಹೂಂ ಎನ್ನುವುದು ಮೊದಲು, ವ್ಯವಸ್ಥೆ ಆಮೇಲೆ. ಹಾಗೆ ಹೇಳಿ ಹೇಳಿ ನಾಲಿಗೆ ಆ ಕಡೆಗೇ ಬಾಗಿಹೋಗಿತ್ತು. ಪರದೆಯ ಮೇಲೆ ಎದ್ದ ಚೌಕಗಳೆಲ್ಲ ಅವರಿಗೆ ಬಾಗಿಲಲ್ಲಿ ನಿಂತ ಗಿರಾಕಿಗಳೇ.

"ಒಂದೊಂದೇ ತೆಗೀತಾ ಕೂತ್ರೆ ಆಗಲ್ಲ ಅಂಕಲ್. ಹಳೇ ಪ್ರೊಫೈಲ್ ಪೂರ್ತಿ ಡಿಲೀಟ್ ಮಾಡಿ ಹೊಸದು ಮಾಡ್ಲಾ? ಲಾಗಿನ್ ಎಲ್ಲ ಹೋಗುತ್ತೆ. ಆಂಟಿ ಪಾಸ್‌ವರ್ಡ್ ಗೊತ್ತಿದೆ ತಾನೆ?"

ಮೋಹನದಾಸರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ತೆರೆದರು. ನಿದ್ದೆಗಣ್ಣಿನಲ್ಲೇ ಬಂದ ಹುಡುಗ, ಅವನ ಮುಖ ನೋಡಿದರು. "ಆಯ್ತು, ಆಯ್ತು, ಮಾಡು" ಎಂದರು.

ಬ್ರೌಸರ್ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಮೋಹನದಾಸರಿಗೆ ಹುಡುಗನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುವಷ್ಟು ಸಂತೋಷವಾಯಿತು. ಒಳಗೆ ಹೋಗಿ ಜ್ಯೋತ್ಸ್ನಾಳನ್ನು ಕರೆತಂದು ಕೂರಿಸಿದರು. ಪರದೆಯಲ್ಲಿ ಅವಳ ಹೆಸರಿತ್ತು, ಅದರ ಕೆಳಗೆ ಖಾಲಿ ಚೌಕವೊಂದು ಪಾಸ್‌ವರ್ಡ್ ಕೇಳುತ್ತಿತ್ತು.

"ಹೇಳಿ ಅಂಕಲ್."

ಮೋಹನದಾಸರು ಹೆಗಲ ಟವೆಲಿನಿಂದ ಕೀಬೋರ್ಡಿನ ಧೂಳು ಒರೆಸತೊಡಗಿದರು. ಅಶ್ವಿನ್‌ನ ಮುಖ ಇಳಿಯಿತು.

"ಅಂಕಲ್, ಗೊತ್ತಿದೆ ಅಂದ್ರಲ್ಲ."

"ಆಯ್ತು ಅಂದೆ ಮಾರಾಯ. ಹೇಗಾದ್ರೂ ಮಾಡುವ ಅಂತ."

ಮಗಳಿಗೆ ಫೋನ್ ಮಾಡಿದರು. ಅವಳಿಗೂ ತಿಳಿಯದು, ಅವಳೂ ಮನೆಗೆ ಬಂದಾಗ ಇದೇ ಕಂಪ್ಯೂಟರಿನಲ್ಲಿ ನೋಡಿದ್ದವಳು. ಓಟಿಪಿಯ ದಾರಿಯೊಂದಿತ್ತು, ಆದರೆ ಅದು ಹೋಗುವುದು ಜ್ಯೋತ್ಸ್ನಾಳ ಹಳೆಯ ನಂಬರಿಗೆ. ಅವಳು ಫೋನ್ ಮುಟ್ಟುವುದನ್ನೇ ಬಿಟ್ಟ ಮೇಲೆ ಅದಕ್ಕೆ ಯಾರೂ ರೀಚಾರ್ಜ್ ಮಾಡಿರಲಿಲ್ಲ. ಹಾಗೇ ನೋಡೋಣವೆಂದು ಕರೆ ಮಾಡಿದರೆ, ಎತ್ತಿದವನು ಭೋರ್ ಎಂಬ ಊರಿನ ಕಡೆಯ ಒಬ್ಬ ಮನುಷ್ಯ, ನಂಬರ್ ಈಗ ಅವನದ್ದು. ಮೋಹನದಾಸರು ಮರಾಠಿಯಲ್ಲಿ ಎಲ್ಲವನ್ನೂ ಹೇಳಿದರು: ಹೆಂಡತಿಗೆ ನೆನಪಿಲ್ಲ, ವಿಡಿಯೋ ನೋಡದೆ ಊಟ ಮಾಡುವುದಿಲ್ಲ, ಈಗ ಬರುವ ಓಟಿಪಿ ಒಂದನ್ನು ಹೇಳಿದರೆ ಸಾಕು. ಅವನು ಕೊನೆಯ ತನಕ ಕೇಳಿಸಿಕೊಂಡ. ಓಟಿಪಿ ಯಾರಿಗೂ ಹೇಳಬಾರದೆಂದು ಬ್ಯಾಂಕಿನವರೇ ಹೇಳಿದ್ದಾರೆ ಕಾಕಾ, ಇನ್ನೊಮ್ಮೆ ಫೋನ್ ಮಾಡಿದರೆ ಪೊಲೀಸರಿಗೆ ತಿಳಿಸುತ್ತೇನೆ ಎಂದು ಇಟ್ಟುಬಿಟ್ಟ. ಅವನನ್ನು ಬೈಯಲು ಬಾಯಿ ಬರಲಿಲ್ಲ. ಮೋಸ ಮಾಡುವವನೂ ಇದೇ ಕತೆ ಹೇಳುತ್ತಾನೆ.

ಉಳಿದದ್ದು ಒಬ್ಬಳೇ. ಅಶ್ವಿನ್ ಕೀಬೋರ್ಡನ್ನು ಮೆಲ್ಲಗೆ ಅವಳ ಮುಂದೆ ಸರಿಸಿದ. "ಆಂಟಿ, ನಿಮ್ಮ ಪಾಸ್‌ವರ್ಡ್ ಹಾಕ್ತೀರಾ?"

ಜ್ಯೋತ್ಸ್ನಾ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಅವು ತಮ್ಮಷ್ಟಕ್ಕೇ ಕೀಲಿಗಳ ಮೇಲೆ ಓಡಿದವು, ಸರಸರನೆ, ಯಾರನ್ನೂ ಕೇಳದೆ. ಚೌಕದಲ್ಲಿ ಚುಕ್ಕಿಗಳು ಸಾಲಾಗಿ ಬಿದ್ದವು. ದೇವರೇ, ಕೈಗಾದರೂ ನೆನಪಿರಲಿ ಎಂದುಕೊಂಡರು ಮೋಹನದಾಸರು.

ತಪ್ಪು ಎಂದಿತು ಕಂಪ್ಯೂಟರ್. ಇನ್ನೊಮ್ಮೆ ಮಾಡಿಸಿದರು. ಮತ್ತೂ ಒಮ್ಮೆ. ತುಂಬಾ ಸಲ ತಪ್ಪಾಗಿದೆ ಎಂದು ಆ ಚೌಕವೂ ಮುಚ್ಚಿಕೊಂಡಿತು.

"ಸಾರಿ ಅಂಕಲ್," ಎಂದ ಅಶ್ವಿನ್. ಕೀಬೋರ್ಡನ್ನು ಹಿಂದಕ್ಕೆ ಸರಿಸಿ ತಲೆ ತಗ್ಗಿಸಿದ.

ಜ್ಯೋತ್ಸ್ನಾ ಅವನತ್ತ ತಿರುಗಿದಳು. "ಎಂತಕ್ಕೆ ಮಗಾ ಬೇಜಾರು? ಊಟ ಮಾಡಿ ಹೋಗು." ಆಮೇಲೆ ಗೋಡೆಗೊರಗಿ ನಿಂತ ಮೋಹನದಾಸರನ್ನು ಕಂಡು ಸೆರಗು ಸರಿಮಾಡಿಕೊಂಡಳು. ಎದ್ದು, ಪಕ್ಕದ ಕುರ್ಚಿಯನ್ನು ಅವರತ್ತ ತಳ್ಳಿದಳು.

"ನೀವೂ ಕೂತ್ಕೊಳ್ಳಿ. ನಮ್ಮವರು ಈಗ ಹೋಟೆಲಿನಿಂದ ಬರ್ತಾರೆ."

ಮೋಹನದಾಸರು ಕೂತರು.