ಚೀರುವಿನ ಅಪೇಕ್ಷೆ

ಶ್ರೀಧರನಿಗೆ ಸಿಟ್ಟು ಬಂದದ್ದು ರಸ್ತೆಯ ಮೇಲೆ. ಹೊಸ ಕಾಂಕ್ರೀಟ್ ರಸ್ತೆ ಅವನ ದಿನಸಿ ಅಂಗಡಿಯ ಮುಂದೆ ಹಾದುಹೋಗಬೇಕಿತ್ತು. ಹೋಗಲಿಲ್ಲ. ಪಂಚಾಯ್ತಿ ಮೆಂಬರ್ ಸುಬೀಷನ ಅಂಗಡಿಯ ತನಕ ಬಂದು, ಸುಸ್ತಾದವರ ಹಾಗೆ ಅಲ್ಲೇ ನಿಂತುಬಿಟ್ಟಿತು. ಗಡಿಯಾಚೆ ಮಲಯಾಳ ಸೀಮೆಯಲ್ಲಿರುವ ನಮ್ಮ ಅತ್ತಿಕೊಲ್ಲಿಯಲ್ಲಿ ಇರುವುದೇ ಎರಡು ಅಂಗಡಿ. ಹೊಟ್ಟೆ ಉರಿಯದೆ ಇರುತ್ತದೆಯೇ?

ಮಾಹಿತಿ ಹಕ್ಕಿನಲ್ಲಿ ರಸ್ತೆಯ ಕಡತವನ್ನೇ ಕೇಳಿದ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಅಂಟಿಸಿ ಕಳಿಸಿದ. ಪಂಚಾಯ್ತಿ ಉತ್ತರವನ್ನೂ ಕೊಟ್ಟಿತು: ಕಡತ ದಪ್ಪ ಇದೆ, ಪುಟಕ್ಕೆ ಮೂರು ರೂಪಾಯಿಯಂತೆ ಕಟ್ಟಿ, ಪ್ರತಿ ತೆಗೆದುಕೊಂಡು ಹೋಗಿ. ಕಟ್ಟಬಹುದಿತ್ತು, ಗತಿಯಿಲ್ಲದವನೇನಲ್ಲ. ಆದರೆ ಪೊಟ್ಟಣ ಕಟ್ಟುವ ಹಳೇ ಪೇಪರಿಗೆ ಕಾಸು ಬಿಚ್ಚಲೂ ಮುಖ ಸಿಂಡರಿಸುವ ಆಸಾಮಿ ಅವನು. "ಅವನ್ ನುಂಗಿದ್ ರಸ್ತೆ ಕಾಗ್ದಕ್ಕೆ ನಾನ್ ದುಡ್ಡು ಕೊಡ್ಬೇಕಾ?" ಎಂದು ಹೆಂಡತಿ ಕಾರ್ತ್ಯಾಯನಿಯ ಮೇಲೆ ಕೂಗಾಡಿದ, ರಸ್ತೆ ನುಂಗಿದವಳು ಅವಳೇ ಎಂಬಂತೆ.

ಆಗ ನೆನಪಾದದ್ದು ಹಳದಿ ರೇಷನ್ ಕಾರ್ಡು. ತೀರಾ ಬಡವರು ಕೇಳಿದರೆ ಫೀಸಿಲ್ಲ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಹಳದಿ ಕಾರ್ಡು ಇದ್ದದ್ದು ಚೀರುವಿನ ಹತ್ತಿರ.

ಚೀರು ಕಾಡಂಚಿನ ಹಾಡಿಯವಳು. ಅವನಪ್ಪನ ಕಾಲದಿಂದ ಅವರ ಶುಂಠಿ ಹೊಲದಲ್ಲಿ ಕೂಲಿ ಮಾಡಿದವಳು. ಶ್ರೀಧರನನ್ನು ಸೊಂಟದ ಮೇಲೆ ಹೊತ್ತು ಹಳ್ಳ ದಾಟಿಸಿ ಶಾಲೆಗೆ ಬಿಟ್ಟವಳು. ಈಗ ಅವಳು ಅವನಿಗೆ ಅಣ್ಣ ಅನ್ನುತ್ತಾಳೆ, ಅವನು ಅವಳಿಗೆ ಬರೀ ಚೀರು ಅನ್ನುತ್ತಾನೆ. ಇದು ಇಬ್ಬರಿಗೂ ವಿಚಿತ್ರ ಅನ್ನಿಸಿದ್ದಿಲ್ಲ. ಸರ್ಕಾರ ಮಂಜೂರು ಮಾಡಿದ ಅವಳ ಮನೆಗೆ ಗೋಡೆ ಎದ್ದಿದೆ, ಸೂರು ಬಂದಿಲ್ಲ. ಕೊನೆಯ ಕಂತು ಎಲ್ಲಿ ಸಿಕ್ಕಿಕೊಂಡಿದೆಯೋ ದೇವರಿಗೇ ಗೊತ್ತು. ಅಲ್ಲಿಂದೀಚೆಗೆ ಮಳೆಗಾಲವನ್ನೆಲ್ಲ ಅವಳು ನೀಲಿ ಪ್ಲಾಸ್ಟಿಕ್ ಹಾಳೆಯ ಕೆಳಗೇ ಕಳೆದಿದ್ದಾಳೆ.

"ಚೀರೂ, ನಿನ್ ಹೆಸ್ರಲ್ಲಿ ಒಂದು ಅಪೇಕ್ಷೆ ಹಾಕ್ತೀನಿ. ಕಾರ್ಡ್ ತಗೊಂಬಾ" ಅಂದ ಶ್ರೀಧರನ್.

ಇದೊಂದು ಮಾತು ನೋಡಿ. ಮಲಯಾಳದ ಆಫೀಸಿನಲ್ಲಿ ಅರ್ಜಿಗೆ ಅಪೇಕ್ಷೆ ಅನ್ನುತ್ತಾರೆ. ಕೇಳಿ ಕೇಳಿ ನಮ್ಮ ಬಾಯಿಗೂ ಅದೇ ಬಂದುಬಿಟ್ಟಿದೆ. ಆದರೆ ಮನೆಯೊಳಗಿನ ಕನ್ನಡದಲ್ಲಿ ಅಪೇಕ್ಷೆ ಅಂದರೆ ಇವತ್ತಿಗೂ ಆಸೆಯೇ. ಚೀರುವಿನ ಹೆಸರಲ್ಲಿ ಹಾಕುವ ಅಪೇಕ್ಷೆ ಸೂರಿನದಲ್ಲದೆ ಇನ್ಯಾವುದಿರುತ್ತದೆ? ಅವಳ ಮುಖ ಅರಳಿತು.

"ಹಾಕಣ್ಣ, ನಿಂಗೆ ಪುಣ್ಯ ಬತ್ತದೆ."

ಅವಳು ಏನು ತಿಳಿದುಕೊಂಡಳು ಎಂಬುದು ಶ್ರೀಧರನಿಗೆ ಆ ಕ್ಷಣವೇ ಗೊತ್ತಾಯಿತು. ಅಲ್ಲ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಸಕ್ಕರೆ ಕೇಳಿದರು, ತೂಗಲು ಹೋದ. ನಾನೇನು ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ. ಚೀರು ಹೆಬ್ಬೆಟ್ಟು ಒತ್ತಿದಳು.

ತಿಂಗಳು ಕಳೆದರೂ ಪಂಚಾಯ್ತಿ ತುಟಿ ಬಿಚ್ಚಲಿಲ್ಲ. ಶ್ರೀಧರನ್ ಅವಳ ಹೆಸರಲ್ಲೇ ಅಪೀಲು ಬರೆದ. ಅಪೀಲಿಗಂತೂ ಫೀಸೇ ಇಲ್ಲ, ಇನ್ನೊಂದು ಹೆಬ್ಬೆಟ್ಟು ಸಾಕಾಯಿತು. ವಿಚಾರಣೆಗೆ ಜಿಲ್ಲಾ ಕೇಂದ್ರ ಕಲ್ಪೆಟ್ಟೆಗೆ ಬನ್ನಿ ಎಂಬ ರಿಜಿಸ್ಟರ್ಡ್ ಕಾಗದ ಬಂದದ್ದು ಮಾತ್ರ ಚೀರುವಿನ ಹಾಡಿಗೆ. ಅದನ್ನು ಎದೆಗವಚಿಕೊಂಡು ಅವಳು ಅಂಗಡಿಗೆ ಓಡಿ ಬಂದಳು.

"ಸೂರಿನ್ ಕಾಗ್ದ ಬಂತಣ್ಣ!"

ಅಂಗಡಿಯ ತುಂಬ ಜನ. ಶ್ರೀಧರನ್ ಹ್ಞೂಂ ಅಂದ. ಒಳಗಿದ್ದ ಕಾರ್ತ್ಯಾಯನಿ ಕೇಳಿಸಿಕೊಂಡಳು. ಊಟಕ್ಕೆ ಕೂತಾಗ ಕೇಳಿದಳು: "ಅದು ಸೂರಿನ್ ಕಾಗ್ದ ಅಲ್ಲ ಅಂತ ಚೀರಕ್ಕಂಗೆ ಹೇಳಿದ್ರಾ?"

"ಹೇಳ್ತೀನಿ ಇರೇ. ನಿಂಗೇನ್ ಅರ್ಜೆಂಟು?"

"ನಂಗೇನಿಲ್ಲ, ಮಳೆಗೆ ಅರ್ಜೆಂಟು" ಎಂದು ಸಾರಿನ ಪಾತ್ರೆ ಕುಕ್ಕಿ ಎದ್ದು ಹೋದಳು.

ವಿಚಾರಣೆಯ ದಿನ ಬಸ್ಸಿನಲ್ಲಿ ಚೀರು ಕಿಟಕಿಯ ಪಕ್ಕ ಕೂತಳು. ಓಣಂಗೆ ಕೊಂಡ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ಮಡಿಲಲ್ಲಿ ಬಾಳೆಲೆಯ ಪೊಟ್ಟಣ. ಹಿತ್ತಲಲ್ಲಿ ಕಿತ್ತ ಕಾಂತಾರಿ ಮೆಣಸಿನಕಾಯಿ, ಆಫೀಸಿನಮ್ಮನಿಗೆ ಅಂತೆ. ಮಾನಂದವಾಡಿ ದಾಟುವುದರೊಳಗೆ ಹೇಳಿಬಿಡಬೇಕು ಅಂದುಕೊಂಡ ಶ್ರೀಧರನ್.

"ಹಂಚು ಹಾಕ್ತಾರಾ ಅಣ್ಣ, ಶೀಟಾ?"

"ನೋಡ್ಬೇಕು" ಅಂದ. ಮಾನಂದವಾಡಿ ದಾಟಿತು. ಕಲ್ಪೆಟ್ಟೆಯೂ ಬಂತು.

ಅಪೀಲು ಕೇಳುವ ಅಧಿಕಾರಿ ಕನ್ನಡಕದ ಹೆಂಗಸು, ಮೆತ್ತಗಿನ ಮಾತು. ಎದುರಿಗೆ ಒಂದು ಕುರ್ಚಿಯಲ್ಲಿ ಪಂಚಾಯ್ತಿಯ ಮಾಹಿತಿ ಅಧಿಕಾರಿ, ಇನ್ನೊಂದರಲ್ಲಿ ಚೀರು. ಅವಳ ಹಿಂದೆ, ಸಹಾಯಕ್ಕೆ ಬಂದವನು ಎಂದು ಹೇಳಿಕೊಂಡು, ಶ್ರೀಧರನ್.

"ಏನು ಬೇಕಿತ್ತು ಚೇಚಿ?" ಎಂದು ಆಕೆ ಮಲಯಾಳದಲ್ಲಿ, ಅಕ್ಕ ಎಂದು ಕರೆದು, ಕೇಳಿದರು.

ಚೀರುವಿಗೆ ಮಲಯಾಳ ಚೆನ್ನಾಗಿಯೇ ಬರುತ್ತದೆ. ಕೈಮುಗಿದು ಶುರುಮಾಡಿದಳು. ಗೋಡೆ ಎದ್ದದ್ದು, ಕಂತು ನಿಂತದ್ದು, ರಾತ್ರಿ ಮಳೆ ಬಂದರೆ ಚಾಪೆ ಸುತ್ತಿಕೊಂಡು ಮೂಲೆಯಲ್ಲಿ ನಿಲ್ಲುವುದು, ಮೊಮ್ಮಗಳು ಸ್ಕೂಲಿನ ಪುಸ್ತಕಗಳನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುವುದು. ಅಧಿಕಾರಿ ಕೇಳುತ್ತಾ ಕೇಳುತ್ತಾ ಕಾಗದಗಳನ್ನು ಹಿಂದೆ ಮುಂದೆ ತಿರುವಿದರು.

"ಇದರಲ್ಲಿ ಸೂರಿನ ಮಾತೇ ಇಲ್ಲವಲ್ಲ ಚೇಚಿ" ಎಂದು ಓದಿ ಹೇಳಿದರು: ಅತ್ತಿಕೊಲ್ಲಿ ಕಾಂಕ್ರೀಟ್ ರಸ್ತೆಯ ಅಂದಾಜು, ಅಳತೆ ಪುಸ್ತಕ, ಗುತ್ತಿಗೆದಾರನ ಬಿಲ್ಲುಗಳು.

ಚೀರು ಮುಗಿದಿದ್ದ ಕೈ ಇಳಿಸಿ ಮಡಿಲಿನ ಪೊಟ್ಟಣದ ಮೇಲಿಟ್ಟಳು.

ಮಾಹಿತಿ ಅಧಿಕಾರಿ ನಕ್ಕ. "ನೋಡಿದಿರಾ ಮೇಡಂ? ಯಾರೋ ಫೀಸು ಉಳಿಸೋಕೆ ಈ ಪಾಪದವರ ಕಾರ್ಡು ಹಿಡಿದುಕೊಂಡು ಆಟ ಆಡ್ತಿದ್ದಾರೆ."

ಶ್ರೀಧರನ್ ಆಗಲೇ ಎದ್ದು ನಿಂತು ನಾನೇ ಅನ್ನಬೇಕಿತ್ತು. ಎರಡಕ್ಷರ, ಅಷ್ಟೇ. ಫ್ಯಾನಿನ ಕಡೆ ನೋಡಿದ, ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದ, ಚೀರುವಿನ ಕಡೆ ಮಾತ್ರ ನೋಡಲಿಲ್ಲ. ಛೀ! ಸುಬೀಷನ ಮೇಲೆ ಬೀದಿಯಲ್ಲಿ ನಿಂತು ಹಾರಾಡುತ್ತಿದ್ದ ಆ ಗಂಟಲು ಆಗ ಎಲ್ಲಿ ಹೋಗಿತ್ತೋ!

"ಚೇಚಿ, ಹೆದರಬೇಡಿ. ಇದು ನಿಮ್ಮದೇ ಅಪೇಕ್ಷೆಯಾ?"

ಚೀರು ಒಮ್ಮೆ ಹಿಂದಕ್ಕೆ ತಿರುಗಿದ್ದು ಅವನಿಗೆ ನೋಡದೆಯೇ ಗೊತ್ತಾಯಿತು.

"ನಂದೇ ಅಮ್ಮ" ಅಂದಳು. "ರಸ್ತೆನೂ ಬೇಕಲ್ಲ."

ಅಧಿಕಾರಿ ಪಂಚಾಯ್ತಿಯವನ ಕಡೆ ತಿರುಗಿದರು. ಯಾಕೆ ಕೇಳುತ್ತಾರೆ ಎಂದು ಕೇಳುವ ಅಧಿಕಾರ ನಿಮಗಿಲ್ಲ ಅಂದರು. ತಿಂಗಳೊಳಗೆ ಉತ್ತರ ಕೊಡದಿದ್ದ ತಪ್ಪು ನಿಮ್ಮದು, ಇಡೀ ಕಡತದ ಪ್ರತಿಯನ್ನು ಪುಕ್ಕಟೆಯಾಗಿ ಇವರ ಮನೆಗೆ ತಲುಪಿಸಿ ಅಂದರು. ಶ್ರೀಧರನ್ ಗೆದ್ದಿದ್ದ. ಗೆದ್ದವನಿಗೆ ಆ ಕೋಣೆಯಿಂದ ಹೊರಗೆ ಬರುವಾಗ ಬಾಗಿಲೇ ಸರಿಯಾಗಿ ಕಾಣಲಿಲ್ಲ. ಮೆಣಸಿನಕಾಯಿಯ ಪೊಟ್ಟಣವನ್ನು ಆಕೆ ನಗುತ್ತಾ ಬೇಡ ಅಂದಿದ್ದರು. ಚೀರು ಅದನ್ನು ಮತ್ತೆ ಮಡಿಲಿಗೆ ಹಾಕಿಕೊಂಡು ಬಂದಳು.

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತರು. ಟೀ ತಂದುಕೊಟ್ಟ, ಕೇಳದಿದ್ದರೂ ಬಾಳೆಹಣ್ಣಿನ ಬಜ್ಜಿ ತಂದುಕೊಟ್ಟ. ಎಂದೂ ಬಿಚ್ಚದ ಕೈ ಅವತ್ತು ಬಿಚ್ಚಿತ್ತು.

"ಚೀರೂ, ಅದು ಸೂರಿಂದಲ್ಲ. ನಾನು..."

"ಆಯಮ್ಮ ಓದ್ದಾಗ್ಲೇ ತಿಳೀತು ಬುಡಣ್ಣ."

"ಮತ್ತೆ ನಂದೇ ಅಂದ್ಯಲ್ಲ?"

"ನಾಕ್ ಜನದ್ ಮುಂದೆ ನಿನ್ ಮರ್ವಾದೆ ಕಳೀಬೇಕಿತ್ತಾ? ನಾನ್ ಎತ್ತಾಡ್ಸಿದ್ ಕೂಸು ನೀನು."

ಅವಳು ಬೈದಿದ್ದರೆ ಶ್ರೀಧರನ್ ಬದುಕಿಕೊಳ್ಳುತ್ತಿದ್ದ. ಬೈಗುಳಕ್ಕೆ ಬೈಗುಳ ಕೊಡುವುದು ಅವನಿಗೆ ಗೊತ್ತಿತ್ತು. ಇದಕ್ಕೆ ಏನು ಕೊಡುವುದು? ಕೈಯಲ್ಲಿದ್ದ ಟೀ ತಣ್ಣಗಾಯಿತು.

ಚೀರು ತನ್ನ ಟೀ ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬರಿಯೋ ಕಾಗ್ದ ಅದಾ? ಈಗ ಸೂರಿಂದು ಬರಿ. ಆ ಕಂತು ಎಲ್ ನಿಂತದೆ, ಯಾರ್ ನಿಲ್ಸವ್ರೆ, ಅದ್ನ ಕೇಳು."

ಚೀಲದಿಂದ ಬಿಳಿ ಹಾಳೆ ತೆಗೆದು, ತೊಡೆಯ ಮೇಲಿಟ್ಟುಕೊಂಡು ಬರೆದ. ರಸ್ತೆಯದಕ್ಕಿಂತ ಚೆನ್ನಾಗಿ ಬರೆದ. ಬರೆದು ಮುಗಿಸಿ, ಅವಳ ಹೆಬ್ಬೆಟ್ಟಿಗೆಂದೇ ಇಟ್ಟುಕೊಂಡಿದ್ದ ಶಾಯಿ ಡಬ್ಬಿಯನ್ನು ಬಿಚ್ಚಿ ಮುಂದೆ ಹಿಡಿದ.

ಚೀರು ಕೈ ನೀಡಲಿಲ್ಲ. ಮಡಿಲಿನ ಪೊಟ್ಟಣ ತೆಗೆದು ಅವನ ಪಕ್ಕದಲ್ಲಿಟ್ಟಳು. "ತಗೊ. ಇದು ಬರ್ದಿದ್ಕೆ."

"ಅಯ್ಯೋ, ನಿಂಗೆ ಫೀಸಿಲ್ಲ ಚೀರಕ್ಕ!" ಅಕ್ಕ ಎಂಬ ಮಾತು ಅವನಿಗೇ ಗೊತ್ತಿಲ್ಲದೆ ಬಂದಿತ್ತು.

"ಇರ್ಲಿ. ಬಿಟ್ಟಿ ಬರ್ಸಿದ್ದು ಸಾಕು."

ಅವನು ತೆಗೆದುಕೊಂಡ. ಡಬ್ಬಿಯನ್ನು ಮತ್ತೆ ಮುಂದೆ ಹಿಡಿದ.

"ಮೊದ್ಲು ಓದು" ಅಂದಳು ಚೀರು. "ಏನ್ ಬರ್ದಿದ್ದೀಯ ಅಂತ ಪೂರಾ ಓದು. ಆಮ್ಯಾಕೆ ಹೆಬ್ಬೆಟ್ಟು."

ಸುತ್ತ ಬಸ್ಸಿಗೆ ಕಾಯುವ ಜನ. ಶ್ರೀಧರನ್ ಹಾಳೆ ಎತ್ತಿ, ಅಂಗಡಿಯಲ್ಲಿ ಎಂದೂ ತೆಗೆಯದಷ್ಟು ಸಣ್ಣ ದನಿಯಲ್ಲಿ, ಮೊದಲ ಸಾಲಿನಿಂದ ಓದತೊಡಗಿದ. ಅವನು ಕೊನೆಯ ಸಾಲು ಮುಟ್ಟುವ ತನಕ ಚೀರು ತನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡೇ ಕೂತಿದ್ದಳು.