ಮೇಷ್ಟ್ರ ಲೈಸೆನ್ಸ್

ನಮ್ಮ ಯಜಮಾನರು ಕಾರು ಗುದ್ದಿದ್ದು ನಮ್ಮದೇ ಗೇಟಿನ ಕಂಬಕ್ಕೆ. ಲಾರಿಗಲ್ಲ, ಬಸ್ಸಿಗಲ್ಲ. ಇಪ್ಪತ್ತೆರಡು ವರ್ಷದಿಂದ ನಿಂತಲ್ಲೇ ನಿಂತಿರುವ ಕಂಬಕ್ಕೆ, ಹಾಡುಹಗಲಲ್ಲಿ! ಸದ್ದು ಕೇಳಿ ನಾನು ಹೊಲಿಗೆ ಮೆಷಿನ್ ಬಿಟ್ಟು ಓಡಿ ಬಂದೆ. ಎಡಗಡೆ ದೀಪ ಪುಡಿಪುಡಿ, ಚಕ್ರ ಸೊಟ್ಟ, ರೇಡಿಯೇಟರಿನಿಂದ ನೀರು ಧಾರಾಕಾರ.

"ಅಡ್ಡ ಬಂತು ಕಣೇ," ಅಂದರು.

"ಏನು, ಕಂಬಾನಾ? ನಡ್ಕೊಂಡು ಬಂತಾ?"

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಅವರು. ಊರಿನ ಅರ್ಧ ಜನ ಅವರ ಪಕ್ಕ ಕೂತೇ ಕ್ಲಚ್ಚು, ಗೇರು ಕಲಿತದ್ದು. ಆ ಕಾರು ಓಡಿದರೆ ನಮ್ಮ ಮನೆಯ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಗ್ಯಾರೇಜಿನವನು ಬಂದು, ಕಾರಿನಡಿ ಬಗ್ಗಿ ನೋಡಿ, ತಲೆ ಕೆರೆದುಕೊಂಡ. "ಅಕ್ಕಾ, ದೊಡ್ಡ ಕೆಲಸ. ಎಡಗಡೆ ಬಾಗಿಲಿಗೆ ಮೂರು ಸಲ ಪುಟ್ಟಿ ಹಾಕಿ ನನಗೇ ಸಾಕಾಗಿದೆ, ಈಗ ಇದು. ಇನ್ಶೂರೆನ್ಸಲ್ಲಿ ಕ್ಲೇಮ್ ಮಾಡಿ, ಕೈಯಿಂದ ಹಾಕೋಕೆ ಹೋಗ್ಬೇಡಿ." ಖರ್ಚೆಷ್ಟೆಂದು ಮೊತ್ತವನ್ನೂ ಹೇಳಿದ. ಆರು ವರ್ಷ ಶಾಲೆ ಮಕ್ಕಳ ಯೂನಿಫಾರಂ ಹೊಲಿದು, ಹೊಟ್ಟೆಬಟ್ಟೆ ಕಟ್ಟಿ, ಅಂಚು ಹೊಲಿಯುವ ಓವರ್‌ಲಾಕ್ ಮೆಷಿನಿಗೆಂದು ನಾನು ಕೂಡಿಟ್ಟದ್ದು ಹೆಚ್ಚುಕಡಿಮೆ ಅಷ್ಟೇ ಇತ್ತು.

"ಕ್ಲೇಮ್ ಬೇಡ," ಅಂದರು ಇವರು. "ಮುಂದಿನ ವರ್ಷ ಪ್ರೀಮಿಯಂ ಜಾಸ್ತಿ ಆಗುತ್ತೆ. ಸದ್ಯಕ್ಕೆ ನಿನ್ನ ದುಡ್ಡು ಕೊಡು."

"ಓಹೋ! ವರ್ಷಾ ವರ್ಷಾ ಕಟ್ಟಿದ್ದು ಯಾಕ್ರೀ, ಕಂಪನಿಯೋರ ಮಗಳ ಮದುವೆ ಖರ್ಚಿಗಾ? ನನ್ನ ದುಡ್ಡಿಗೆ ಕೈ ಹಾಕಿದ್ರೆ ನೋಡಿ ಮತ್ತೆ!"

ಬಾಯಿಗೆ ಬಂದ ಹಾಗೆ ಬೈದೆ. ಯಾವಾಗಲೂ ಒಂದಕ್ಕೆರಡು ಉತ್ತರ ಕೊಡುವ ಮನುಷ್ಯ ಅಂದು ತಲೆ ತಗ್ಗಿಸಿ ಒಳಗೆ ಹೋಗಿಬಿಟ್ಟರು. ಗೆದ್ದೆ ಅಂದುಕೊಂಡೆ. ಎಂಥ ಪೆದ್ದಿ ನಾನು!

ಮಾರನೆಯ ಬೆಳಿಗ್ಗೆ ಅವರಿಗೆ ಹೇಳದೆ, ಪಾಲಿಸಿ ಪತ್ರ, ಲೈಸೆನ್ಸಿನ ಜೆರಾಕ್ಸ್ ಎಲ್ಲ ಚೀಲಕ್ಕೆ ಹಾಕಿಕೊಂಡು ಇನ್ಶೂರೆನ್ಸ್ ಆಫೀಸಿಗೆ ಹೋದೆ. ಮೇಜಿನ ಹಿಂದೆ ಕನ್ನಡಕದ ಹುಡುಗಿಯೊಬ್ಬಳಿದ್ದಳು.

"ಓಡಿಸ್ತಿದ್ದೋರು ಯಾರಮ್ಮ?"

"ನಮ್ಮ ಯಜಮಾನ್ರೇ. ಊರಿಗೆಲ್ಲ ಕಲಿಸಿದೋರು," ಅಂದೆ, ಸ್ವಲ್ಪ ಜಂಬದಿಂದಲೇ.

ಹುಡುಗಿ ಕಂಪ್ಯೂಟರಿನಲ್ಲಿ ನಂಬರ್ ಒತ್ತಿದಳು. ಮತ್ತೊಮ್ಮೆ ಒತ್ತಿದಳು. "ಅಮ್ಮಾ, ಈ ಲೈಸೆನ್ಸ್ ಮುಗಿದು ಎಂಟು ತಿಂಗಳಾಯ್ತು. ರಿನ್ಯೂ ಮಾಡಿಸಿದ್ದು ಇದ್ರೆ ತನ್ನಿ. ಇಲ್ಲಾಂದ್ರೆ ಒಂದು ಪೈಸೆನೂ ಸಿಗಲ್ಲ."

ಕಾಗದಗಳನ್ನು ಚೀಲಕ್ಕೆ ತುರುಕಿ ಎದ್ದೆ. ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ತಾನು ಬಚ್ಚಲಲ್ಲಿ ಬಿತ್ತಂತೆ! ಎಂಟು ತಿಂಗಳು ಸೋಮಾರಿತನ ಮಾಡಿದ್ದಾರೆ, ಅದನ್ನು ಮುಚ್ಚಿಕೊಳ್ಳಲು ನನ್ನ ದುಡ್ಡು ಬೇಕಾಯಿತೇ? ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಮನೆಗೆ ಬಂದೆ.

ಅವರು ಮನೆಯಲ್ಲಿರಲಿಲ್ಲ. ಹೊಸ ಲೈಸೆನ್ಸ್ ಎಲ್ಲಾದರೂ ಇದ್ದೀತೇ ಎಂದು ಬೀರು ತೆಗೆದು ಅವರ ಪ್ಲಾಸ್ಟಿಕ್ ಫೈಲನ್ನು ಮಂಚದ ಮೇಲೆ ಸುರಿದೆ. ರಿನ್ಯೂವಲ್ ಅರ್ಜಿ ಸಿಕ್ಕಿತು. ಎಲ್ಲ ತುಂಬಿತ್ತು, ಡಾಕ್ಟರ ಸಹಿಯ ಜಾಗವೊಂದೇ ಖಾಲಿ. ಅದರ ಹಿಂದೆ ಕಣ್ಣಾಸ್ಪತ್ರೆಯ ಕಾಗದ. ಎರಡು ಕಣ್ಣಿಗೆ ಎರಡು ದುಂಡನೆಯ ಚಿತ್ರಗಳು, ಎರಡರಲ್ಲೂ ಅಂಚಿನ ಸುತ್ತ, ಎಡಕ್ಕೆ ಇನ್ನೂ ಹೆಚ್ಚು, ಮಸಿ ಮೆತ್ತಿದ ಹಾಗೆ ಕಪ್ಪು. ಕೆಳಗೆ ಬರೆದಿತ್ತು: ಕಣ್ಣಿನ ಒತ್ತಡ ಹೆಚ್ಚಾಗಿ ಪಕ್ಕದ ನೋಟ ಹೋಗಿದೆ. ಹೋದದ್ದು ಮತ್ತೆ ಬರುವುದಿಲ್ಲ. ಔಷಧಿ ನಿಲ್ಲಿಸಬಾರದು, ಆಪರೇಷನ್‌ಗೆ ಎರಡು ವಾರದೊಳಗೆ ಬರಬೇಕು, ತಡವಾದರೆ ಉಳಿದ ನೋಟವೂ ಹೋಗುತ್ತದೆ.

ತಾರೀಖು ನೋಡಿದೆ. ಎಂಟು ತಿಂಗಳ ಹಿಂದಿನದು.

ಅಯ್ಯೋ, ಈ ಮನುಷ್ಯ ದಿನಾ ಕಾರು ಹತ್ತಿದ್ದಾರೆ! ಕಲಿಯಲು ಬಂದ ಎಳೆಯ ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಸ್ಸು ಲಾರಿಗಳ ನಡುವೆ ಹೋಗಿದ್ದಾರೆ! ಕಂಬಕ್ಕೆ ಬಡಿದದ್ದು ನಮ್ಮ ಪುಣ್ಯ. ರಸ್ತೆ ದಾಟುವ ಯಾರದೋ ಮಗುವಾಗಿದ್ದರೆ?

ಅಷ್ಟರಲ್ಲಿ ಬಂದರು. ನಾನು ಅವರ ಎಡಕ್ಕೆ, ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದೆ. ಒಂದು ಮೊಳದ ದೂರವೂ ಇರಲಿಲ್ಲ. ನನ್ನನ್ನು ದಾಟಿ ಹೋಗಿ ಮಂಚದ ಮೇಲಿನ ಕಾಗದ ನೋಡಿದರು. ಸಾವಕಾಶವಾಗಿ ಅದರ ಪಕ್ಕದಲ್ಲೇ ಕೂತರು.

"ಯಾಕ್ರೀ ಹೇಳ್ಲಿಲ್ಲ?" ಅಂದೆ. ಅವರು ಬೆಚ್ಚಿಬಿದ್ದರು.

"ಆಪರೇಷನ್‌ಗೆ ನಿನ್ನ ದುಡ್ಡೇ ಬೇಕಾಗಿತ್ತು."

"ನಿನ್ನೆ ಕಾರಿಗೆ ಕೇಳೋಕೆ ಬಾಯಿ ಬಂತಲ್ಲ?"

"ಕಾರಿಗೆ ಕೇಳಿದ್ರೆ ಬೈಯ್ತೀಯ," ಅಂದರು. "ಕಣ್ಣಿಗೆ ಕೇಳಿದ್ರೆ ಆ ಕ್ಷಣವೇ ತಂದು ಕೈಗಿಟ್ಟು, ಇನ್ನು ಯಾವತ್ತೂ ಬೈಯ್ತಾನೇ ಇರಲಿಲ್ಲ. ಕುರುಡನ್ನ ಯಾರು ಬೈಯ್ತಾರೆ? ಅದು ನನ್ನ ಕೈಲಾಗ್ತಿರಲಿಲ್ಲ ಕಣೇ."

ಬೈಯಬೇಕೆಂದು ಬಾಯಿ ತೆರೆದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಒಂದು ಮಾತೂ ನಾಲಿಗೆಗೆ ಬರಲಿಲ್ಲ. ಗೋಡೆ ಹಿಡಿದು ನಿಂತೆ. ಹೊರಗೆ ಯಾರೋ ಕಾರು ಕಲಿಯಲು ಬಂದವಳು "ಸಾರ್, ಸಾರ್" ಎಂದು ಗೇಟಿನ ಬಳಿ ಕೂಗುತ್ತಿದ್ದಳು.

ಅವರು ಇಡೀ ತಲೆ ತಿರುಗಿಸಿ ನನ್ನನ್ನು ಹುಡುಕಿದರು. ಆ ಮುಖದಲ್ಲಿದ್ದ ಭಯವನ್ನು ಮದುವೆಯಾದಾಗಿನಿಂದ ನಾನು ನೋಡಿರಲಿಲ್ಲ.

"ಏನಾದ್ರೂ ಬೈಯೇ," ಅಂದರು. "ಎಲ್ಲಿದ್ದೀಯ ಅಂತಾದ್ರೂ ಗೊತ್ತಾಗ್ಲಿ."

"ಇಲ್ಲೇ ಇದ್ದೀನಿ, ಎಲ್ಲಿ ಹಾಳಾಗಿ ಹೋಗ್ಲಿ!" ಅಂದೆ. ಅಳು ನುಗ್ಗಿ ಬಂದು ಮಾತು ಒಡೆಯಿತು, ಆದರೂ ಬಿಡಲಿಲ್ಲ. "ಮುಟ್ಠಾಳ, ಬುದ್ಧಿಗೇಡಿ! ಎಂಟು ತಿಂಗಳಾ? ಏಳ್ರೀ ಮೇಲೆ, ಶರ್ಟು ಬದಲಾಯಿಸಿ. ಬ್ಯಾಂಕಿಗೆ ಹೋಗಿ ಅಲ್ಲಿಂದ ಆಸ್ಪತ್ರೆಗೆ ಹೋಗೋಣ."