ಏನು ತಿನ್ನಬೇಕೆಂದು ಹೇಳಲೂ ಓದಬೇಕೇ?

ನಮ್ಮ ದರ್ಜಿಯ ಸಂಗತಿ ಕೇಳಿ. ಕತ್ತರಿ ಹಿಡಿದರೆ ಕೂದಲೆಳೆಯಷ್ಟೂ ತಪ್ಪುವವನಲ್ಲ. ಬಾಯಿ ಬಿಟ್ಟರೆ ಮಾತ್ರ ಲೋಕಕ್ಕೆಲ್ಲ ತನ್ನದೇ ಅಳತೆ. ಮಗಳು ಡಯಟೀಷಿಯನ್ ಆಗುತ್ತೇನೆಂದು ಪಟ್ಟು ಹಿಡಿದಿದ್ದಳು. ಕಾಲೇಜಿಗೆ ಸೇರಲು ನಾಳೆಯೇ ಕಡೆಯ ದಿನ.

"ಏನು ತಿನ್ನಬೇಕು ಅಂತ ಹೇಳೋಕೆ ವರ್ಷಗಟ್ಟಲೆ ಓದ್ಬೇಕೇನೇ? ನಿಮ್ಮಜ್ಜಿ ಯಾವ ಕಾಲೇಜಿಗೆ ಹೋಗಿದ್ಲು? ಮೊಬೈಲಲ್ಲೇ ಸಣ್ಣ ಕೋರ್ಸ್ ಇದೆಯಂತೆ. ಮುಗಿಸು, ಬಾಗಿಲಿಗೊಂದು ಬೋರ್ಡ್ ಹಾಕು!"

ಮಗಳು ಕಣ್ಣು ತುಂಬಿಕೊಂಡು ಗುಂಡಿ ಹೊಲಿಯುತ್ತ ಕೂತಳು. ಅಷ್ಟರಲ್ಲಿ ಬಿಳಿ ಕೋಟಿನ ತೋಳು ಗಿಡ್ಡ ಮಾಡಿಸಲು ಪಕ್ಕದ ಮನೆಯ ಅಕ್ಕ ಬಂದರು. ಅವರು ದೊಡ್ಡಾಸ್ಪತ್ರೆಯಲ್ಲಿ ಡಯಟೀಷಿಯನ್.

"ಕಿಡ್ನಿ ತೊಂದರೆ ಹೇಗಿದೆ ಅಣ್ಣಾ?"

"ಉಪ್ಪು ಕಮ್ಮಿ ಮಾಡು ಅಂದ್ರು ಡಾಕ್ಟ್ರು. ನಾನು ಪೂರ್ತಿ ಬಿಟ್ಟೆ! ಈಗೆಲ್ಲ ಇದೇ," ಎಂದು ದರ್ಜಿ ಜಂಬದಿಂದ ಒಂದು ಪ್ಯಾಕೆಟ್ ತೋರಿಸಿದ. ಉಪ್ಪಿನ ಬದಲಿಗೆ ಬಳಸುವ ಪುಡಿ, ಯಾವುದೋ ವಿಡಿಯೋ ನೋಡಿ ತಂದದ್ದು.

ಅಕ್ಕ ಹಿಂಬದಿಯ ಸಣ್ಣ ಅಕ್ಷರ ಓದಿದರು. "ಅಯ್ಯೋ, ಇದ್ರಲ್ಲಿ ಸೋಡಿಯಂ ಬದ್ಲು ಪೊಟ್ಯಾಶಿಯಂ ಇದೆ. ಕಿಡ್ನಿ ಸೋತವರ ರಕ್ತದಲ್ಲಿ ಅದು ಉಳ್ಕೊಂಡ್ರೆ ಹೃದಯವೇ ನಿಲ್ಲಬಹುದು ಅಣ್ಣಾ! ಏಳಿ, ಈಗಲೇ ರಕ್ತ ಪರೀಕ್ಷೆ ಮಾಡಿಸೋಣ."

ದರ್ಜಿ ಕತ್ತರಿ ಕೆಳಗಿಟ್ಟು ಅಕ್ಕ, ಮಗಳ ಜೊತೆ ಆಸ್ಪತ್ರೆಗೆ ಓಡಿದ. ಪೊಟ್ಯಾಶಿಯಂ ಏರಿತ್ತು. ಪುಣ್ಯಕ್ಕೆ ಕೈಮೀರಿರಲಿಲ್ಲ, ಡಾಕ್ಟರು ಔಷಧಿ ಕೊಟ್ಟು ಇಳಿಸಿದರು.

ಆಸ್ಪತ್ರೆಯ ಮಂಚದ ಮೇಲೆ ಅವನು ಅಕ್ಕನನ್ನು ಮೆಲ್ಲಗೆ ಕೇಳಿದ, "ಇದನ್ನೆಲ್ಲ ಎಲ್ಲಿ ಕಲಿತ್ರಿ ತಾಯಿ?"

"ಶಾಲೇಲಿ ವಿಜ್ಞಾನ, ಆಮೇಲೆ ಪೋಷಣಾಶಾಸ್ತ್ರದಲ್ಲಿ ಡಿಗ್ರಿ. ಕೆಲವು ಕಡೆ ಅದಕ್ಕಿಂತ ಮೇಲಿನದ್ದೂ ಕೇಳ್ತಾರೆ. ಆಸ್ಪತ್ರೇಲಿ ರೋಗಿಗಳ ಹತ್ರ ತರಬೇತಿ. ಕೊನೆಗೆ ಪರೀಕ್ಷೆ, ನೋಂದಣಿ."

"ಅಷ್ಟೆಲ್ಲ ಓದಿದ್ರೆ ಕೆಲಸ ಸಿಗುತ್ತಾ?"

"ಆಸ್ಪತ್ರೆ, ಶಾಲೆ, ಆಟಗಾರರ ತಂಡ, ಆಹಾರ ತಯಾರಿಸೋ ಕಂಪನಿ... ಜನ ಊಟ ಬಿಡೋವರೆಗೂ ನಮಗೆ ಕೆಲಸ ಇದೆ ಅಣ್ಣಾ!"

ದರ್ಜಿಗೆ ನಗು ಬರಲಿಲ್ಲ. ಮಗಳ ಕೈ ಹಿಡಿದುಕೊಂಡ. "ನನ್ನ ಜೀವ ಉಳಿಸಿದ ಓದನ್ನೇ ನಿನಗೆ ಬೇಡ ಅಂದೆನಲ್ಲೇ ಮಗಳೇ. ನಾಳೆ ಬೆಳಿಗ್ಗೆ ಅಮ್ಮನ್ನ ಕರ್ಕೊಂಡು ಹೋಗು, ಕಾಲೇಜಿಗೆ ಸೇರ್ಕೋ. ನನ್ನ ಚಿಂತೆ ಬಿಡು."

ನಿಮ್ಮ ಮನೆಯಲ್ಲೂ ಯಾರಾದರೂ ಈ ಓದಿಗೆ ಆಸೆಪಟ್ಟರೆ ತಡೆಯಬೇಡಿ. ಕಾಲೇಜಿಗೆ ಮಾನ್ಯತೆ ಇದೆಯೇ, ನೋಂದಣಿಗೆ ಏನೇನು ಬೇಕು ಎಂದು ಮೊದಲೇ ವಿಚಾರಿಸಿ. ಕಾಯಿಲೆಯವರಿಗೆ ಊಟದ ಸಲಹೆ ಕೊಡುವವರನ್ನು "ನೀವು ಏನು ಓದಿದ್ದೀರಿ?" ಎಂದು ಕೇಳಿ. ಸಂಕೋಚ ಬೇಡ, ಅದು ನಿಮ್ಮವರ ಜೀವದ ಪ್ರಶ್ನೆ.